ಓನರಮ್ಮ ಷೇರು ಹಾಕಿದ ಕಂಪನಿ

ಓನರಮ್ಮನ ಬಲಗೈಯ ತೋರುಬೆರಳು ಅರ್ಧಕ್ಕೇ ಮುಗಿದುಹೋಗಿತ್ತು. ಮದುವೆಯಾಗಿ ಬಂದ ಮೊದಲ ಸುಗ್ಗಿಯಲ್ಲಿ, ರಾಗಿ ಕೊಯ್ಯುವಾಗ ಕುಡುಗೋಲಿಗೆ ಸಿಕ್ಕಿದ್ದಂತೆ. ಉಳಿದ ಮೊಂಡು ತುದಿ ಹುಣಸೆಬೀಜದ ಹಾಗೆ ನುಣ್ಣಗೆ ಮಿರುಗುತ್ತಿತ್ತು. ಅವರು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡದ್ದನ್ನು ನಾನು ಒಮ್ಮೆಯೂ ಕಾಣೆ. ನಲ್ಲಿ ನಿಲ್ಲಿಸಿ ಎಂದು ಗದರುವಾಗ, ದಾರಿ ಕೇಳಿದವರಿಗೆ ತೋರಿಸುವಾಗ, ತಳ್ಳುಗಾಡಿಯ ಬದನೆಕಾಯಿ ಒತ್ತಿ ನೋಡುವಾಗ ಆ ಬೆರಳೇ ಮುಂದೆ ಬರುತ್ತಿತ್ತು. ಹೊಸಬರು ಯಾರಾದರೂ ಅದನ್ನೇ ದಿಟ್ಟಿಸಿದರೆ, "ಮಿಕ್ಕಿದ್ದು ಹೊಲ್ದಲ್ಲೈತೆ ಕಣಪ್ಪ, ಇನ್ನೂ ಮೊಳಕೆ ಬಂದಿಲ್ಲ" ಎಂದು ತಾವೇ ನಕ್ಕುಬಿಡುತ್ತಿದ್ದರು.

ಆ ಹೊಲ ಬಸವೇಶ್ವರನಗರದ ಬಡಾವಣೆಯಾಗಿ ಆಗಲೇ ಬಹಳ ವರ್ಷವಾಗಿತ್ತು. ಗಂಡನ ಮನೆಯವರ ಜಮೀನು ಲೇಔಟಿಗೆ ಹೋದಾಗ ಬಂದ ಸೈಟಿನಲ್ಲಿ ಅವರು ನಾಲ್ಕು ಪೋರ್ಷನ್ನಿನ ಮನೆ ಕಟ್ಟಿಸಿ, ಮೂರನ್ನು ಬಾಡಿಗೆಗೆ ಕೊಟ್ಟಿದ್ದರು. ಗಂಡ ತೀರಿಕೊಂಡಿದ್ದರು. ಒಬ್ಬಳೇ ಮಗಳನ್ನು ಮಹಾಲಕ್ಷ್ಮಿ ಲೇಔಟಿಗೆ ಮದುವೆ ಮಾಡಿಕೊಟ್ಟಿದ್ದರು. ಹಿಂದಿನ ಪೋರ್ಷನ್ನಿನಲ್ಲಿ ನಾನು, ಅಮ್ಮ ಮತ್ತು ನನ್ನ ತಂಗಿ ಇದ್ದೆವು. ಅಪ್ಪ ಬಟ್ಟೆ ಗಿರಣಿಯಲ್ಲಿದ್ದವರು. ಅವರು ಹೋದ ಮೇಲೆ ಅಮ್ಮ ಮನೆಗಳಿಗೆ ಚಪಾತಿ ಲಟ್ಟಿಸಿ ಕೊಡುತ್ತಿದ್ದರು. ನಾನು ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಪಾಸು ಮಾಡಿ, ಎರಡು ವರ್ಷ ಕೆಲಸ ಸಿಗದೆ, ಬೀದಿಯ ಹೆಂಗಸರ ಸೀರೆಗಳಿಗೆ ಫಾಲ್ಸ್ ಹೊಲಿಯುತ್ತ ಕೂತಿದ್ದೆ. ನಮ್ಮ ಪೋರ್ಷನ್ನಿಗೆ ಬೆಳಕು ಕಡಿಮೆ. ಆದ್ದರಿಂದ ಓನರಮ್ಮನ ಜಗುಲಿಯ ಮೇಲೆಯೇ ನನ್ನ ಹೊಲಿಗೆ. ಅವರು ಅವರೆಕಾಯಿ ಸುಲಿಯುತ್ತ, ಅಕ್ಕಿ ಆರಿಸುತ್ತ ಎದುರಿಗೆ ಕೂರುತ್ತಿದ್ದರು.

ಎಂಬತ್ತರ ದಶಕದ ನಡುವೆ ಒಂದು ದಿನ ಇಬ್ಬರು ಯುವಕರು ಸ್ಕೂಟರಿನಲ್ಲಿ ಬಂದು ಹಿತ್ತಿಲಲ್ಲಿದ್ದ ಕೊಟ್ಟಿಗೆಯನ್ನು ಬಾಡಿಗೆಗೆ ಕೇಳಿದರು. ಇಬ್ಬರೂ ಸರ್ಕಾರಿ ಕಾರ್ಖಾನೆಯೊಂದರ ಎಂಜಿನಿಯರ್ ಕೆಲಸ ಬಿಟ್ಟು ಬಂದವರು. ಒಬ್ಬರು ದಪ್ಪ ಕನ್ನಡಕದವರು, ಮಾತು ಕಡಿಮೆ. ಇನ್ನೊಬ್ಬರು ಸ್ಕೂಟರ್ ಓಡಿಸುವವರು, ಮಾತೇ ಬಂಡವಾಳ. ಓನರಮ್ಮ ಅವತ್ತೇ ಇಬ್ಬರಿಗೂ ಹೆಸರಿಟ್ಟುಬಿಟ್ಟರು: ಕನ್ನಡಕದ ಎಂಜಿನಿಯರ್ರು, ಸ್ಕೂಟರ್ ಎಂಜಿನಿಯರ್ರು. ಆಮೇಲೆ ನಾವೆಲ್ಲ ಅವರನ್ನು ಹಾಗೇ ಕರೆದೆವು.

"ಏನು ಮಾಡ್ತೀರ ಒಳಗೆ?" ಎಂದು ಓನರಮ್ಮ ಕೇಳಿದರು.

"ಆಪ್ಟಿಕಲ್ ಫೈಬರ್ ಅಂತ ಅಮ್ಮಾ. ಕೂದಲಿಗಿಂತ ಸ್ವಲ್ಪ ದಪ್ಪ ಇರೋ ಗಾಜಿನ ಎಳೆ. ಅದರೊಳಗೆ ಬೆಳಕು ಕಳಿಸಿ, ಒಂದು ಬಿಲ್ಡಿಂಗ್ ಕಂಪ್ಯೂಟರ್‌ನ ಇನ್ನೊಂದು ಬಿಲ್ಡಿಂಗ್ ಕಂಪ್ಯೂಟರ್‌ಗೆ ಜೋಡಿಸೋ ಡಬ್ಬಿ ಮಾಡ್ತೀವಿ" ಎಂದರು ಸ್ಕೂಟರ್ ಎಂಜಿನಿಯರ್.

ಕಂಪ್ಯೂಟರನ್ನೇ ನಾವ್ಯಾರೂ ಕಣ್ಣಾರೆ ನೋಡಿರದ ಕಾಲ. ಓನರಮ್ಮನಿಗೆ ನಂಬಿಕೆ ಬರಲಿಲ್ಲ. "ಬೆಳಕು ನೆಟ್ಟಗೆ ಓಯ್ತದೆ. ತಿರುವಿನಲ್ಲಿ ಹೆಂಗೆ ತಿರುಗ್ತದೆ? ತೋರ್ಸಿ, ಆಮೇಲೆ ಬಾಡಿಗೆ ಮಾತು" ಎಂದರು.

ಮಾರನೆಯ ದಿನ ಕನ್ನಡಕದ ಎಂಜಿನಿಯರ್ ತೋರಿಸಲೆಂದೇ ದಪ್ಪನೆಯ ಪ್ಲಾಸ್ಟಿಕ್ ಎಳೆಯೊಂದನ್ನು ತಂದರು. ಅಮ್ಮನ ಲಟ್ಟಣಿಗೆಗೆ ಅದನ್ನು ನಾಲ್ಕು ಸುತ್ತು ಸುತ್ತಿ, ಒಂದು ತುದಿಗೆ ಟಾರ್ಚ್ ಹಿಡಿದರು. ಓನರಮ್ಮ ಇನ್ನೊಂದು ತುದಿಯನ್ನು ಸೆರಗಿನೊಳಗೆ ಇಟ್ಟುಕೊಂಡು ಬಗ್ಗಿ ನೋಡಿದರು. ಸೆರಗಿನ ಕತ್ತಲಲ್ಲಿ ಬೆಳಕಿನ ಚುಕ್ಕಿ ಕಾಣಿಸಿತು. ಟಾರ್ಚ್ ಆರಿಸಿ ಹಚ್ಚಿ ಅಂದರು. ಮತ್ತೆ ಆರಿಸಿ ಅಂದರು. ಐದಾರು ಸಲ ಆದ ಮೇಲೆ ತಲೆ ಎತ್ತಿ, "ಕಾಲುವೆಯೊಳಗೆ ನೀರು ಏರಿಗೆ ಬಡಿದು ಬಡಿದು ಮುಂದಕ್ಕೆ ಓಯ್ತದಲ್ಲ, ಅಂಗೋ? ಏರಿ ಒಡೆದ್ರೆ ಆಚೆಗೆ ಚೆಲ್ಲೋಯ್ತದೆ?" ಎಂದು ಕೇಳಿದರು.

ಕನ್ನಡಕದ ಎಂಜಿನಿಯರ್ ಟಾರ್ಚ್ ಕೆಳಗಿಟ್ಟು, "ಹಂಗೇನೇ ಅಮ್ಮಾ. ನಾನು ಕಾಲೇಜಿನಲ್ಲಿ ಇದನ್ನ ಅರ್ಥ ಮಾಡ್ಕೊಳ್ಳೋಕೆ ಒಂದು ವಾರ ತಗೊಂಡೆ" ಎಂದರು.

ಕೊಟ್ಟಿಗೆಯನ್ನು ಕೊಡುವುದು ಅಲ್ಲಿಗೆ ನಿಶ್ಚಯವಾಯಿತು. ಆದರೆ ಎಳೆಯ ತುದಿಯನ್ನು ನಯ ಮಾಡುವ ಕೆಲಸಕ್ಕೆ ಧೂಳು ಆಗದು. ಓನರಮ್ಮನ ಬಳಿ ಎರಡು ಹಸುಗಳಿದ್ದವು, ಹುಲ್ಲಿನ ಮೆದೆಯಿತ್ತು. ಸ್ಕೂಟರ್ ಎಂಜಿನಿಯರ್ ಇದನ್ನು ಹೇಗೆ ಹೇಳುವುದೆಂದು ಹಿಂಜರಿಯುತ್ತಿರುವಾಗಲೇ ಅವರು ಹಸುಗಳನ್ನು ಲಗ್ಗೆರೆಯಲ್ಲಿದ್ದ ತಮ್ಮನ ಮನೆಗೆ ಹೊಡೆಸಿದರು. ನೆಲಕ್ಕೆ ಸಿಮೆಂಟ್, ಗೋಡೆಗೆ ಬಣ್ಣ ಆಯಿತು. ಹಸುಗಳು ಹೋದ ಮೇಲೆ ಒಂದು ತಿಂಗಳು ಬೆಳಗಿನ ಹೊತ್ತು ಅವರಿಗೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಖಾಲಿ ಬಕೆಟ್ ಹಿಡಿದು ಹಿತ್ತಿಲಿಗೆ ಹೋಗಿ ವಾಪಸ್ಸು ಬರುತ್ತಿದ್ದರು.

ನನಗೆ ಅಲ್ಲಿ ಕೆಲಸ ಕೊಡಿಸಿದವರೂ ಅವರೇ. ನಾನು ಬಾಯಿಬಿಟ್ಟು ಕೇಳಿರಲಿಲ್ಲ. ಜಗುಲಿಯ ಮೇಲೆ ಸೂಜಿಗೆ ದಾರ ಪೋಣಿಸುತ್ತಿದ್ದಾಗ ಕನ್ನಡಕದ ಎಂಜಿನಿಯರ್ರನ್ನು ಕರೆದು, "ಇವಳು ಐಟಿಐ ಓದವಳೆ. ದೀಪ ಇಲ್ದೆ ಸಂಜೆಗತ್ತಲಲ್ಲಿ ಸೂಜಿಗೆ ದಾರ ಏರಿಸ್ತಾಳೆ. ನಿಮ್ಮ ಎಳೆ ಇದಕ್ಕಿಂತ ಸಣ್ಣದಾ?" ಎಂದು ಕೇಳಿದರು. ಅವರು ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು.

ಕೆಲಸ ಕಲಿಯಲು ಮೂರು ತಿಂಗಳು ಹಿಡಿಯಿತು. ಎಳೆಯ ಮೇಲಿನ ಕವಚ ಸುಲಿಯಬೇಕು. ಕನೆಕ್ಟರ್ ಎಂಬ ಪುಟ್ಟ ಲೋಹದ ತಲೆಯೊಳಗೆ ಅದನ್ನು ತೂರಿಸಿ ಅಂಟು ಹಾಕಬೇಕು. ಅಂಟು ಗಟ್ಟಿಯಾದ ಮೇಲೆ ಎಳೆಯ ತುದಿಯನ್ನು ಕತ್ತರಿಸಿ, ನುಣುಪು ಹಾಳೆಯ ಮೇಲೆ ಎಂಟರ ಅಂಕೆ ಬರೆದ ಹಾಗೆ ಉಜ್ಜಬೇಕು. ಹೆಚ್ಚು ಒತ್ತಿದರೆ ಬಿರುಕು, ಕಡಿಮೆ ಒತ್ತಿದರೆ ಮಸುಕು. ಕತ್ತರಿಸಿದ ಗಾಜಿನ ಚೂರು ಕಣ್ಣಿಗೆ ಕಾಣುವುದೇ ಇಲ್ಲ. ಬೆರಳಿಗೆ ಹೊಕ್ಕಮೇಲೆ ಗೊತ್ತಾಗುತ್ತಿತ್ತು. ಆಗ ಓನರಮ್ಮನ ಬಳಿ ಓಡುತ್ತಿದ್ದೆ. ಕಾರೆಮುಳ್ಳು ತೆಗೆಯಲು ಅವರಿಟ್ಟುಕೊಂಡಿದ್ದ ಹಳೆಯ ಚಿಮುಟವೊಂದಿತ್ತು. ನನ್ನ ಬೆರಳನ್ನು ಬಿಸಿಲಿಗೆ ತಿರುಗಿಸಿ, ಚೂರು ಮಿಣುಕುವ ಕಡೆ ಹುಡುಕಿ, ಒಂದೇ ಸಲಕ್ಕೆ ಎಳೆದುಬಿಡುತ್ತಿದ್ದರು. "ಮುಳ್ಳಾದ್ರೆ ಕರಗೋಯ್ತದೆ. ಇದು ಗಾಜು, ಕಾಯ್ಕೊಂಡು ಕೂತಿರ್ತದೆ" ಎಂದು ಬೈಯುತ್ತಿದ್ದರು. ಆಮೇಲೆ ಕೊಟ್ಟಿಗೆಯಲ್ಲಿ ಊಟ ಮಾಡಕೂಡದೆಂದು ಕಟ್ಟುನಿಟ್ಟು ಮಾಡಿದರು. ಮಧ್ಯಾಹ್ನ ಒಂದು ಗಂಟೆಗೆ ಎಂಜಿನಿಯರ್ರು, ನಾನು, ನನ್ನ ಜೊತೆಗೆ ಸೇರಿದ್ದ ಇನ್ನಿಬ್ಬರು ಹೆಂಗಸರು, ಎಲ್ಲರೂ ಕೈ ತೊಳೆದು ಜಗುಲಿಗೇ ಬರಬೇಕು. ಡಬ್ಬಿಯಲ್ಲಿ ಏನೇ ತಂದಿರಲಿ, ಅವರ ಸೊಪ್ಪಿನ ಸಾರು ಒಂದು ಸೌಟು ಬೀಳಲೇಬೇಕು.

ಆಯುಧಪೂಜೆಯ ದಿನ ನಮ್ಮ ಯಂತ್ರಗಳಿಗೆ ಅರಿಶಿನ ಕುಂಕುಮ ಹಚ್ಚಲು ತಟ್ಟೆ ಹಿಡಿದು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಕುಂಕುಮವೂ ಪುಡಿ ಎಂಬುದು ಅವರಿಗೆ ಅಲ್ಲೇ ಹೊಳೆದಿತ್ತು. ಬಾಗಿಲಿನ ಚೌಕಟ್ಟಿಗೆ ಮೂರು ಬೊಟ್ಟಿಟ್ಟು, "ಒಳಗಿನೋರ್ಗೆಲ್ಲ ಇದೇ ಸೇರ್ಲಿ" ಎಂದು ಹೊರಗಿನಿಂದಲೇ ಕೈಮುಗಿದು ಹೋದರು.

ಎರಡನೆಯ ವರ್ಷ ಕಂಪನಿಗೆ ಹಣದ ತಾಪತ್ರಯ ಬಂತು. ಡಬ್ಬಿಗಳು ಚೆನ್ನಾಗಿ ಕೆಲಸ ಮಾಡುತ್ತಿದ್ದವು. ಎರಡು ಕಾರ್ಖಾನೆಗಳು, ಒಂದು ಕಾಲೇಜು ಕೊಂಡಿದ್ದವು. ದೊಡ್ಡ ಆರ್ಡರ್ ಹಿಡಿಯಬೇಕಾದರೆ ಪರೀಕ್ಷೆಯ ಯಂತ್ರಗಳು ಬೇಕು, ಹೊರದೇಶದಿಂದ ಬಿಡಿಭಾಗ ತರಿಸಬೇಕು. ಗಾಜಿನ ಎಳೆಯೊಳಗೆ ಮಾತು ಹೋಗುತ್ತದೆ ಎಂದರೆ ಬ್ಯಾಂಕಿನ ಮ್ಯಾನೇಜರ್ ನಕ್ಕು ಟೀ ಕುಡಿಸಿ ಕಳಿಸಿದರಂತೆ. ಸ್ಕೂಟರ್ ಎಂಜಿನಿಯರ್ ಇದನ್ನು ಊಟದ ಹೊತ್ತಿನಲ್ಲಿ ತಮಾಷೆಯಾಗಿ ಹೇಳಿದರು. ಓನರಮ್ಮ ನಗಲಿಲ್ಲ.

ಲಗ್ಗೆರೆಯ ಕಡೆ ಅವರಿಗೆ ಇನ್ನೂ ಅರ್ಧ ಎಕರೆ ಉಳಿದಿತ್ತು. ಯಾವ ಬಡಾವಣೆಗೂ ಸೇರದೆ ತಪ್ಪಿಸಿಕೊಂಡ ತುಂಡು ಅದು. ಸುತ್ತಲೂ ಶೆಡ್ಡುಗಳು ಎದ್ದಮೇಲೆ ಅಲ್ಲಿ ಬೆಳೆ ಇಡುವುದೂ ಕಷ್ಟವಾಗಿತ್ತು. ಒಂದು ಕಾರ್ಖಾನೆಯವರು ಅದನ್ನು ಕೇಳುತ್ತಿದ್ದರು. ಮಾರಿ ಮಹಾಲಕ್ಷ್ಮಿ ಲೇಔಟಿನಲ್ಲಿ ತಮ್ಮ ಮನೆಯ ಪಕ್ಕದ ಸೈಟು ಕೊಳ್ಳೋಣವೆಂದು ಮಗಳು, ಅಳಿಯ ವರ್ಷದಿಂದ ಹೇಳುತ್ತಿದ್ದರು. ಓನರಮ್ಮ ಜಮೀನು ಮಾರಿದರು. ಆದರೆ ಹಣವನ್ನು ಕೊಟ್ಟಿಗೆಯ ಕಂಪನಿಯಲ್ಲಿ ಷೇರಾಗಿ ಹಾಕುತ್ತೇನೆ ಎಂದರು.

ಮಗಳು ಆಟೋದಲ್ಲಿ ಬಂದಿಳಿದಳು. "ಅಮ್ಮಾ, ತಲೆ ಕೆಟ್ಟಿದ್ಯಾ ನಿಂಗೆ? ಸೈಟ್ ಎಲ್ಗೂ ಓಡೋಗಲ್ಲ. ಇವ್ರು ನಾಳೆ ಬಾಗ್ಲು ಹಾಕ್ಕೊಂಡು ಹೋದ್ರೆ ಏನ್ಮಾಡ್ತೀಯ?"

"ಹೊಲಾನೂ ಎಲ್ಗೂ ಓಡೋಗಲ್ಲ ಅಂತಿದ್ರು ನಿಮ್ಮಪ್ಪ. ಎಲ್ಲೈತೆ ತೋರ್ಸು" ಎಂದರು ಓನರಮ್ಮ. ಮಗಳು ಕಾಫಿಯನ್ನೂ ಕುಡಿಯದೆ ಹೊರಟುಹೋದಳು.

ಷೇರಿನ ಕಾಗದಗಳು ಇಂಗ್ಲಿಷಿನಲ್ಲಿದ್ದವು. ಸ್ಕೂಟರ್ ಎಂಜಿನಿಯರ್ ಹೆಬ್ಬೆಟ್ಟು ಒತ್ತಿಸಲೆಂದು ಸ್ಟಾಂಪ್ ಪ್ಯಾಡನ್ನೂ ಜೊತೆಗೆ ತಂದಿದ್ದರು. ಓನರಮ್ಮ ಅದನ್ನು ಪಕ್ಕಕ್ಕೆ ಸರಿಸಿ, ಕಾಗದಗಳನ್ನು ನನ್ನ ಕೈಗೆ ಕೊಟ್ಟು, "ಓದಿ ಹೇಳಮ್ಮಿ" ಎಂದರು. ನನ್ನ ಇಂಗ್ಲಿಷು ಐಟಿಐ ಇಂಗ್ಲಿಷು. ನಿಘಂಟು ಇಟ್ಟುಕೊಂಡು ಮೂರು ದಿನ ಮಧ್ಯಾಹ್ನ ಜಗುಲಿಯ ಮೇಲೆ ಸಾಲುಸಾಲಾಗಿ ಅರ್ಥ ಹೇಳಿದೆ. ತಿಳಿಯದ ಕಡೆ ಕನ್ನಡಕದ ಎಂಜಿನಿಯರ್ ಬಂದು ಬಿಡಿಸಿದರು. ಲಾಭ ಬಂದರೆ ಹಂಚಿಕೊಳ್ಳುವ ಮಾತು ಓದಿದಾಗ ಅವರು ಏನೂ ಕೇಳಲಿಲ್ಲ. ಮುಳುಗಿದರೆ ಯಾರಿಗೆ ಮೊದಲು ಸೇರುತ್ತದೆ ಎಂಬ ಪುಟವನ್ನು ಎರಡು ಸಲ ಓದಿಸಿದರು. ಬ್ಯಾಂಕಿಗೆ ಮೊದಲು, ಕೆಲಸದವರಿಗೆ, ಸಾಮಾನು ಕೊಟ್ಟವರಿಗೆ, ಷೇರುದಾರರಿಗೆ ಕೊನೆಗೆ ಎಂದು ನಾನು ಹೇಳಿದೆ.

"ಅಂದ್ರೆ ನಂಗೆ ಕೊನೆಗೆ."

"ಹೌದಮ್ಮ."

"ಸರಿ. ಉಣ್ಣೋರಿಗೆ ಬಡಿಸಿದ ಮೇಲೆ ಮನೆಯೋಳು ಉಣ್ಣೋದು" ಎಂದರು. ಆಮೇಲೆ ಎಂಜಿನಿಯರ್ರತ್ತ ತಿರುಗಿ, "ನಂದೊಂದು ಮಾತೈತೆ. ಈ ಡಬ್ಬಿ ಮಾರಿದ ಮೇಲೆ ಕೆಟ್ಟೋದ್ರೆ ಯಾರು ಓಗ್ತಾರೆ?" ಎಂದು ಕೇಳಿದರು.

ಇಬ್ಬರೂ ಮುಖ ಮುಖ ನೋಡಿಕೊಂಡರು. ಅದುವರೆಗೆ ಕೆಟ್ಟ ಡಬ್ಬಿಗಳನ್ನು ಪಾರ್ಸಲಿನಲ್ಲಿ ವಾಪಸ್ಸು ತರಿಸಿಕೊಳ್ಳುತ್ತಿದ್ದರು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು. "ಈ ಹುಡುಗಿಗೆ ಎಲ್ಲ ಕಲ್ಸಿ. ಇವಳೇ ಓಗಿ ರಿಪೇರಿ ಮಾಡಿ ಬರ್ಲಿ. ಬಸ್ ಚಾರ್ಜು ಕಂಪನಿದು. ಆಗ ಸೈನ್ ಹಾಕ್ತೀನಿ" ಎಂದರು. ಹೆಬ್ಬೆರಳು, ನಡುಬೆರಳುಗಳ ನಡುವೆ ಪೆನ್ನು ಸಿಕ್ಕಿಸಿ, ಮಗಳ ಹಳೆಯ ಸ್ಲೇಟಿನ ಮೇಲೆ ಕಲಿತ ಅಕ್ಷರಗಳಲ್ಲಿ ನಿಧಾನವಾಗಿ ಹೆಸರು ಬರೆದರು. ಹೀಗೆ ನಾನು ಜೋಡಿಸುವವಳಿಂದ ಪರೀಕ್ಷೆ ಮಾಡುವವಳಾದೆ, ಬ್ಯಾಗು ಹೆಗಲಿಗೆ ಹಾಕಿಕೊಂಡು ಊರೂರಿಗೆ ಹೋಗುವವಳೂ ಆದೆ. ಕಂಪನಿಯಿಂದ ಹೊರಡುವ ಪ್ರತಿ ಡಬ್ಬಿಯ ಪರೀಕ್ಷಾ ಹಾಳೆಗೂ ಕೆಳಗೆ ನನ್ನ ಸಹಿ ಬೀಳತೊಡಗಿತು.

ಮುಂದಿನ ಒಂದೂವರೆ ವರ್ಷ ಒಳ್ಳೆಯ ಕಾಲ. ತಂಗಿ ಕಾಲೇಜು ಸೇರಿದಳು. ಅಮ್ಮ ಚಪಾತಿ ನಿಲ್ಲಿಸಿದರು. ರಿಪೇರಿಗೆ ಹೋದ ಊರಿನಿಂದ ಬಂದ ಕೂಡಲೇ ಓನರಮ್ಮನಿಗೆ ವರದಿ ಒಪ್ಪಿಸಬೇಕಿತ್ತು. ಎಳೆ ಎಷ್ಟು ದೂರ ಹೋಗಿದೆ, ಎಲ್ಲಿ ಬಾಗಿದೆ, ಇಲಿ ಕಡಿದಿದೆಯೇ ಎಂದೆಲ್ಲ ಕೇಳುತ್ತಿದ್ದರು. ಗಾಜನ್ನು ಇಲಿ ಯಾಕೆ ಕಡಿಯುತ್ತದೆ ಎಂದು ನಾವು ನಕ್ಕಿದ್ದೆವು. ಒಂದು ಕಾರ್ಖಾನೆಯಲ್ಲಿ ನಿಜವಾಗಿಯೂ ಹೆಗ್ಗಣ ಕವಚವನ್ನು ಕಚ್ಚಿಹಾಕಿತ್ತು. ಆಮೇಲೆ ನಗಲಿಲ್ಲ.

ಆಗ ಬಂತು ದೊಡ್ಡ ಆರ್ಡರ್. ವಿದ್ಯುತ್ ಉಪಕೇಂದ್ರಗಳಿಗೆ ಹನ್ನೆರಡು ಡಬ್ಬಿ. ಹೊರಗಿನ ಅಂಗಳದಲ್ಲಿರುವ ದೊಡ್ಡ ಸ್ವಿಚ್ಚುಗಳು ಹಾಕಿವೆಯೇ, ತೆಗೆದಿವೆಯೇ ಎಂಬುದನ್ನು ಒಳಗಿನ ಕೋಣೆಗೆ ಗಾಜಿನ ಎಳೆಯ ಮೂಲಕ ತಿಳಿಸುವ ಡಬ್ಬಿಗಳು. ಇವು ಸರಿಹೋದರೆ ರಾಜ್ಯದ ಉಳಿದ ಉಪಕೇಂದ್ರಗಳಿಗೂ ಬೇಕಾಗುತ್ತವೆ ಎಂದು ವಿದ್ಯುತ್ ಇಲಾಖೆಯವರು ಹೇಳಿದ್ದರು. ಮಾರ್ಚ್ ಕೊನೆಯೊಳಗೆ ಕೊಡಬೇಕು. ಕೊಡದಿದ್ದರೆ ಆ ವರ್ಷದ ಮಂಜೂರಾತಿಯೇ ಬಿದ್ದುಹೋಗುತ್ತದೆ. ಇದ್ದ ಹಣವನ್ನೂ, ಆರ್ಡರ್ ಪತ್ರ ತೋರಿಸಿ ಈ ಸಲ ಬ್ಯಾಂಕಿನಿಂದ ಪಡೆದ ಸಾಲವನ್ನೂ ಸಾಮಾನಿಗೆ ಸುರಿದೆವು. ಹೊರದೇಶದ ಕನೆಕ್ಟರುಗಳು ಬಂದರಿನಲ್ಲಿ ಸಿಕ್ಕಿಕೊಂಡವು. ಸ್ಕೂಟರ್ ಎಂಜಿನಿಯರ್ ಬೇರೆ ಕಡೆಯಿಂದ ಅಗ್ಗದವನ್ನು ತಂದರು.

ಹಳೆಯ ಸ್ಟೀಲ್ ಬೀರುವಿನೊಳಗೆ ಬಲ್ಬುಗಳನ್ನು ಹಚ್ಚಿ ಕಾಯಿಸುವುದು ನಮ್ಮ ಬಿಸಿ ಪರೀಕ್ಷೆ. ಹನ್ನೆರಡು ಡಬ್ಬಿಗಳನ್ನೂ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಐದರಲ್ಲಿ ಬೆಳಕು ಮಂಕಾಯಿತು. ಕಾದಾಗ ಅಗ್ಗದ ಕನೆಕ್ಟರಿನೊಳಗೆ ಎಳೆ ಒಂದಿಷ್ಟು ಹಿಂದಕ್ಕೆ ಜಾರುತ್ತಿತ್ತು. ಆರಿದರೆ ಮತ್ತೆ ಸರಿ. ಮಾರನೆಯ ಬೆಳಿಗ್ಗೆ ಇನ್ನೊಮ್ಮೆ ಕಾಯಿಸಿದೆ, ಮತ್ತೆ ಅದೇ ಐದು, ಜೊತೆಗೆ ಆರನೆಯದೊಂದು. ಕೊಡುವ ದಿನಕ್ಕೆ ನಾಲ್ಕೇ ದಿನ ಉಳಿದಿತ್ತು.

"ಸದ್ಯಕ್ಕೆ ಸೈನ್ ಹಾಕಿ ಕಳಿಸ್ಬಿಡಮ್ಮ. ಏಪ್ರಿಲ್‌ನಲ್ಲಿ ಒಳ್ಳೆ ಕನೆಕ್ಟರ್ ಬರುತ್ತೆ. ನೀನೇ ಹೋಗಿ ಒಂದೊಂದೇ ಬದಲಾಯ್ಸಿ ಬಾ. ಯಾರಿಗೂ ತೊಂದ್ರೆ ಇಲ್ಲ" ಎಂದರು ಸ್ಕೂಟರ್ ಎಂಜಿನಿಯರ್. ಅವರು ಕೆಟ್ಟವರಲ್ಲ. ಅವರ ಹೆಂಡತಿಯ ಒಡವೆಯೂ ಆ ಕಂಪನಿಯಲ್ಲಿತ್ತು. ನಾನು ಕನ್ನಡಕದ ಎಂಜಿನಿಯರ್ರ ಮುಖ ನೋಡಿದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ ಕೂತರು. ಬಹಳ ಹೊತ್ತು ಒರೆಸಿದರು. ತಲೆ ಎತ್ತಲಿಲ್ಲ.

ಹನ್ನೆರಡು ಹಾಳೆಗಳನ್ನೂ ಎದೆಗವಚಿಕೊಂಡು ಹೊರಗೆ ಬಂದೆ. ಓನರಮ್ಮ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದರು. ನನ್ನ ಮುಖ ನೋಡಿ, "ಗಾಜು ಚುಚ್ತಾ?" ಎಂದು ಕೈ ಚಾಚಿದರು. ಇಲ್ಲವೆಂದೆ. ಎಲ್ಲವನ್ನೂ ಹೇಳಿದೆ. ಅವರು ಅಲ್ಲೇ ಮೆಣಸಿನಕಾಯಿಯ ಪಕ್ಕ ಕೂತರು.

"ಅಂಗಳದಲ್ಲಿ ಬಿಸಿಲಿಗೆ ಡಬ್ಬಿ ಮಂಕಾಯ್ತು ಅಂತ ಇಟ್ಕೋ. ಏನಾಯ್ತದೆ?"

"ಸ್ವಿಚ್ ತೆಗೆದಿದಾರೋ ಇಲ್ವೋ ಅಂತ ಒಳಗಿರೋರಿಗೆ ಸರಿಯಾಗಿ ಗೊತ್ತಾಗಲ್ಲಮ್ಮ. ಹಿಂದೆ ತೋರಿಸಿದ್ದನ್ನೇ ತೋರಿಸ್ತಾ ಇರುತ್ತೆ. ಕರೆಂಟ್ ಇಲ್ಲ ಅಂದ್ಕೊಂಡು ಯಾರಾದ್ರೂ ಲೈನ್ ಮುಟ್ಟಿದ್ರೆ…"

ಅವರು ಒಂದು ಮೆಣಸಿನಕಾಯಿಯ ತೊಟ್ಟನ್ನು ಮುರಿದರು. ಇನ್ನೊಂದರದನ್ನು ಮುರಿದರು. ಅವರ ಅರ್ಧ ಎಕರೆ, ಮಗಳ ಮುನಿಸು, ನನ್ನ ಸಂಬಳ, ತಂಗಿಯ ಫೀಜು ಎಲ್ಲವೂ ನನ್ನ ಕೈಯಲ್ಲಿದ್ದ ಆ ಹಾಳೆಗಳಲ್ಲಿತ್ತು. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ನಿನ್ನ ಹೆಸರು ಹಾಕ್ಬೇಡ" ಎಂದರು.

"ಅಮ್ಮಾ, ನಿಮ್ಮ ದುಡ್ಡು…"

"ದುಡ್ಡು ಹಾಕಿದ್ದು ನಾನು. ನಿನ್ನ ಕೇಳಿ ಹಾಕಿದ್ನಾ? ಏಳು, ಮುಖ ತೊಳ್ಕೊ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಟ್ಟಿಗೆಯ ಬಾಗಿಲಿಗೆ ಹೋದರು. ಚಪ್ಪಲಿ ಬಿಟ್ಟು ಒಳಗೆ ನಡೆದರು. ಏರುದನಿಯಲ್ಲಿ ಏನನ್ನೂ ಹೇಳಲಿಲ್ಲ. "ಆರ್ಡರ್ ಕೊಟ್ಟ ಆಫೀಸರ್ ಹತ್ರ ಓಗಿ ನಿಜ ಹೇಳಾನ. ಒಂದು ತಿಂಗಳು ಟೈಮ್ ಕೇಳಾನ. ನಾನೂ ಬರ್ತೀನಿ" ಎಂದರು. ಸ್ಕೂಟರ್ ಎಂಜಿನಿಯರ್ ಮೇಜು ಗುದ್ದಿ ಎದ್ದರು. "ಅಮ್ಮಾ, ನಿಜ ಹೇಳಿದ್ರೆ ಆರ್ಡರ್ ಹೋಯ್ತು ಅಂತಾನೇ ಅರ್ಥ. ನಿಮ್ಗೆ ಬಿಸಿನೆಸ್ ಗೊತ್ತಾಗಲ್ಲ!" ಎಂದರು. "ಗೊತ್ತಾಗಲ್ಲ ಮಗ. ಆದ್ರೂ ಓಗಾನ" ಎಂದರು ಇವರು. ಸ್ಕೂಟರ್ ಎಂಜಿನಿಯರ್ ಬರಲಿಲ್ಲ. ಕನ್ನಡಕದವರು ಎದ್ದು ಬಂದರು.

ನಾವು ಮೂವರೂ ಆ ಕೂಡಲೇ ಬಸ್ಸಿನಲ್ಲಿ ಹೋದೆವು. ಆಫೀಸರ್ ವಯಸ್ಸಾದವರು, ಫೈಲುಗಳ ನಡುವಿನಿಂದ ತಲೆ ಎತ್ತಿ, ಸೀರೆಯ ಸೆರಗು ಹೊದ್ದ ಓನರಮ್ಮನನ್ನು ಕಂಡು ಯಾವುದೋ ಜಮೀನಿನ ತಕರಾರು ಎಂದುಕೊಂಡರು. ಕನ್ನಡಕದ ಎಂಜಿನಿಯರ್ ಪರೀಕ್ಷೆಯ ವಿಷಯ ಹೇಳಿ ಮುಗಿಸಿದಾಗ ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. ಅವಧಿ ಮುಂದೂಡುವ ಅಧಿಕಾರ ತಮಗಿಲ್ಲ ಎಂದರು. ಸರಿಯಾದ ಆರನ್ನಷ್ಟೇ ತೆಗೆದುಕೊಳ್ಳಿ ಎಂದು ಕೇಳಿದ್ದಕ್ಕೂ ನಿಯಮವಿಲ್ಲ ಎಂದರು.

"ನೀವಾಗಿ ಹೇಳ್ದೇ ಇದ್ದಿದ್ರೆ ನಮಗೆ ಗೊತ್ತಾಗ್ತಾನೇ ಇರ್ಲಿಲ್ಲ ಅಮ್ಮಾ" ಎಂದರು, ಸಂಕಟದಿಂದಲೇ.

"ಗೊತ್ತಾಗ್ತಿತ್ತು ಸಾಮಿ. ಬೇರೆ ಥರ ಗೊತ್ತಾಗ್ತಿತ್ತು" ಎಂದರು ಓನರಮ್ಮ.

ವಾಪಸ್ಸು ಬರುವಾಗ ಎಂಜಿನಿಯರ್ ದಾರಿಯಲ್ಲೇ ಇಳಿದುಕೊಂಡರು. ಮನೆಗೆ ಹೋಗುವ ಬಸ್ಸು ಹಿಡಿಯಬೇಕಿದ್ದಲ್ಲಿ ಓನರಮ್ಮ ಲಗ್ಗೆರೆಯ ಬಸ್ಸು ಹತ್ತಿದರು. ಹಸುಗಳನ್ನು ನೋಡಲು ಹೋಗುತ್ತಿದ್ದಾರೆಂದುಕೊಂಡು ನಾನೂ ಹತ್ತಿದೆ. ತಮ್ಮನ ಮನೆಯ ಕಡೆ ತಿರುಗದೆ ಅವರು ನೇರ ನಡೆದು, ಹೊಸದಾಗಿ ಎದ್ದಿದ್ದ ಕಾಂಪೌಂಡ್ ಗೋಡೆಯ ಮುಂದೆ ನಿಂತರು. ಅದು ಅವರು ಮಾರಿದ ಜಮೀನು. ಗೇಟಿನ ಸಂದಿಯಿಂದ ಒಳಗಿನ ಶೆಡ್ಡಿನ ಪಾಯ ಕಾಣುತ್ತಿತ್ತು. ಸಂಜೆಯ ಬಿಸಿಲು ಇಟ್ಟಿಗೆಗಳ ಮೇಲೆ ಬಿದ್ದಿತ್ತು.

"ಇಲ್ಲಿ ಅವರೆ ಚೆನ್ನಾಗಿ ಬರ್ತಿತ್ತು ಕಣಮ್ಮಿ. ಸೊನೆ ಅಂಟಿಕೊಂಡ್ರೆ ಎರಡು ದಿನ ಕೈ ಘಮ್ ಅನ್ನೋದು" ಎಂದರು. ಅಷ್ಟೇ. ಕಣ್ಣು ಒರೆಸಿಕೊಳ್ಳಲಿಲ್ಲ, ಆದರೆ ತಿರುಗಿ ನಡೆಯುವಾಗ ನನ್ನ ತೋಳನ್ನು ಹಿಡಿದುಕೊಂಡರು. ಅದುವರೆಗೆ ಅವರು ನಡೆಯಲು ಯಾರನ್ನೂ ಹಿಡಿದುಕೊಂಡದ್ದನ್ನು ನಾನು ನೋಡಿರಲಿಲ್ಲ.

ಆರ್ಡರ್ ಬಿದ್ದುಹೋಯಿತು. ಸ್ಕೂಟರ್ ಎಂಜಿನಿಯರ್ ಮಳೆಗಾಲಕ್ಕೆ ಮುಂಚೆಯೇ ಬೇರೆಯಾಗಿ, ರಾಜಾಜಿನಗರದಲ್ಲಿ ಟಿವಿ ಸ್ಟೆಬಿಲೈಜರ್ ಮಾಡುವ ಅಂಗಡಿ ತೆರೆದರು. ಹೊರಡುವ ದಿನ ಓನರಮ್ಮನ ಕಾಲಿಗೆ ಬಿದ್ದರು. ಕನ್ನಡಕದ ಎಂಜಿನಿಯರ್ ಹಳೆಯ ಡಬ್ಬಿಗಳ ರಿಪೇರಿ ಮಾಡಿಕೊಂಡು ಒಂದು ವರ್ಷ ತಳ್ಳಿದರು. ಕೊನೆಗೆ ಕೊಟ್ಟಿಗೆಗೆ ಬೀಗ ಬಿತ್ತು. ಯಂತ್ರ ಮಾರಿ ಬಂದದ್ದು ಬ್ಯಾಂಕಿಗೆ, ನಮ್ಮ ಬಾಕಿ ಸಂಬಳಕ್ಕೆ, ಸಾಮಾನಿನವರಿಗೆ ಸರಿಹೋಯಿತು. ಓನರಮ್ಮನಿಗೆ ಉಳಿದದ್ದು ಸಿಮೆಂಟ್ ನೆಲ ಮತ್ತು ಬಣ್ಣ ಹೊಡೆದ ಗೋಡೆ.

ಮಗಳು ಅಂಗಳದಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. "ಒಂದ್ ಸೈನ್! ಒಂದ್ ಸೈನ್ ಹಾಕಿದ್ರೆ ನಮ್ಮಮ್ಮನ ಜಮೀನಿನ ದುಡ್ಡು ಉಳೀತಿತ್ತು. ಬಾಡಿಗೆಗೆ ಬಂದೋಳು ನೀನು, ನಿಂಗೇನು?" ಎಂದಳು. ಆ ಮಾತು ನನಗೂ ನಿಜವೆನಿಸುತ್ತಿತ್ತು. ಓನರಮ್ಮ ಒಳಗಿನಿಂದ ಬಂದು ಮಗಳಿಗೆ, "ಬೈಯ್ಯೋದಾದ್ರೆ ನಂಗೆ ಬಯ್ಯಿ. ಬೇಡ ಅಂದೋಳು ನಾನು. ಇವಳ ತಂಟೆಗೆ ಬಂದ್ರೆ ಸರಿಯಾಗಲ್ಲ" ಎಂದರು. ಅಷ್ಟು ಗಡುಸಾಗಿ ಅವರು ಮಗಳೊಡನೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮಗಳು ಎರಡು ವರ್ಷ ಆ ಮನೆಗೆ ಬರಲಿಲ್ಲ. ಓನರಮ್ಮ ಮತ್ತೆ ಹಸು ತಂದರು. ಈ ಸಲ ಒಂದೇ.

ನಾನು ಮತ್ತೆ ಸೀರೆಗಳಿಗೆ ಫಾಲ್ಸ್ ಹೊಲಿಯುತ್ತಿದ್ದ ದಿನಗಳಲ್ಲಿ ಕನ್ನಡಕದ ಎಂಜಿನಿಯರ್ ಹುಡುಕಿಕೊಂಡು ಬಂದರು. ಪೀಣ್ಯದ ದೊಡ್ಡ ಕಂಪನಿಯೊಂದರಲ್ಲಿ ಅವರಿಗೆ ಪರೀಕ್ಷಾ ವಿಭಾಗ ಒಪ್ಪಿಸಿದ್ದರು. ಆಗ ಎಲ್ಲ ಕಡೆ ಗಾಜಿನ ಎಳೆ ಹೂಳುವ ಮಾತು ಶುರುವಾಗಿತ್ತು. ಅರ್ಜಿ ನಮೂನೆಯನ್ನು ನನ್ನ ಕೈಗೆ ಕೊಟ್ಟು, ಜಗುಲಿಯ ಕಂಬ ಹಿಡಿದು ನಿಂತು, "ಆವತ್ತು ನಾನು ಮಾತಾಡ್ಬೇಕಿತ್ತು. ನನ್ನ ಕೈಲಿ ಆಗ್ಲಿಲ್ಲ" ಎಂದರು. ನಾನು ಆ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಇದ್ದೆ. ಕೊನೆಯ ಹತ್ತು ವರ್ಷ ಹಾಳೆಗಳ ಕೊನೆಯ ಸಹಿ ನನ್ನದಾಗಿತ್ತು. ಒತ್ತಾಯ ಮಾಡಿದವರು ಅಲ್ಲಿಯೂ ಇದ್ದರು. ಪ್ರತಿ ಮಾರ್ಚಿನಲ್ಲಿಯೂ ಇದ್ದರು. ನನಗೆ ಅದು ಕಷ್ಟವೆನಿಸಲಿಲ್ಲ. ಕಷ್ಟದ್ದನ್ನು ನನಗಾಗಿ ಬೇರೊಬ್ಬರು ಮೊದಲೇ ಮಾಡಿ ಮುಗಿಸಿದ್ದರು.

ಓನರಮ್ಮ ತೀರಿಕೊಂಡ ದಿನ ನಾನು ದೂರದ ಊರಿನಲ್ಲಿ ಲೈನ್ ಪರೀಕ್ಷೆಯಲ್ಲಿದ್ದೆ. ಸುದ್ದಿ ತಲುಪುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದರು. ಆದರೆ ಅದಕ್ಕೆ ಎರಡು ತಿಂಗಳ ಮೊದಲು ಅವರನ್ನು ನೋಡಿದ್ದೆ. ನಾವು ವಿಜಯನಗರದಲ್ಲಿ ಸ್ವಂತ ಮನೆ ಮಾಡಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಓನರಮ್ಮ ಮಂಚ ಹಿಡಿದಿದ್ದರು. ಮುನಿಸು ಮರೆತು ಬಂದಿದ್ದ ಮಗಳು ಅವರನ್ನು ನೋಡಿಕೊಳ್ಳುತ್ತಿದ್ದಳು. ಇಷ್ಟು ವರ್ಷ ಹೇಳದೆ ಉಳಿಸಿಕೊಂಡ ಮಾತನ್ನು ಅವತ್ತು ಹೇಳಲೇಬೇಕೆಂದು ಹೋಗಿದ್ದೆ. ಮಂಚದ ಪಕ್ಕ ಕೂತು, ಆವತ್ತು ಮೆಣಸಿನಕಾಯಿ ಒಣಹಾಕುತ್ತ ನೀವು ಹೇಳಿದ ಒಂದು ಮಾತಿನಿಂದ ನನ್ನ ಬದುಕು ನೆಟ್ಟಗಾಯಿತು ಎಂದೆ. ಹನ್ನೆರಡು ಡಬ್ಬಿ, ಪರೀಕ್ಷೆಯ ಹಾಳೆ, ಆಫೀಸರ್ ಎಲ್ಲವನ್ನೂ ನೆನಪಿಸಿದೆ.

ಅವರು ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಯೋಚಿಸಿದರು. "ನಾನೇನಂದೆ?"

"ಹೆಸರು ಹಾಕ್ಬೇಡ ಅಂದ್ರಿ."

"ಇನ್ನೇನನ್ನಲಿ ಮತ್ತೆ? ಅದ್ರಲ್ಲೇನೈತೆ" ಎಂದರು. ನಿಜಕ್ಕೂ ಅವರಿಗೆ ನೆನಪಿರಲಿಲ್ಲ. ಅರ್ಧ ಎಕರೆ ಕಳೆದುಕೊಂಡ ಮಾತು ಅವರ ಮನಸ್ಸಿನಲ್ಲಿ ಉಳಿದೇ ಇರಲಿಲ್ಲ. ನಾನು ಅವರ ಹೊದಿಕೆ ಸರಿಮಾಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಅವರ ಕಣ್ಣು ಅರಳಿತು.

"ಆಫೀಸಿಗೆ ಓದ್ವಲ್ಲ, ಆವತ್ತು ನೀನು ಉಣ್ಣದೆ ಬಸ್ ಹತ್ತಿದ್ದೆ. ಸಂಜೆ ಗಂಟ ಖಾಲಿ ಹೊಟ್ಟೇಲಿದ್ದೆ. ಬಂದ ಮೇಲೆ ನೆಪ್ಪಾಯ್ತು ನಂಗೆ. ಎಷ್ಟು ದಿನ ಬೇಜಾರು ಮಾಡ್ಕೊಂಡಿದ್ದೆ ಗೊತ್ತಾ, ಹಸಿದ ಕೂಸ್ನ ಅಷ್ಟು ದೂರ ಸುತ್ತಿಸ್ಬಿಟ್ಟೆ ಅಂತ" ಎಂದರು. ಆಮೇಲೆ ಬಾಗಿಲ ಕಡೆ ಮುಖ ತಿರುಗಿಸಿ ಮಗಳನ್ನು ಕೂಗಿದರು: "ಇವಳಿಗೆ ಊಟಕ್ಕಿಕ್ಕು. ಹಂಗೇ ಕಳಿಸ್ಬೇಡ."

ಮಗಳು ತಟ್ಟೆ ತಂದಿಟ್ಟಳು. ಓನರಮ್ಮ ನೋಡುತ್ತಿರುವಂತೆಯೇ, ಅವರ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತು ನಾನು ಊಟ ಮಾಡಿದೆ.